ಗೆರೆಯ ಅಗಲದೊಳಗಿನ ಹದಿನೈದು ಮನೆಗಳು

ನಮ್ಮ ಲಪ್ಪೇನ್‌ರಂತದ ಭೂಮಾಪನ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀ ಆರ್ವೊ ಹಿಂಕ್ಕನೆನ್ ಅವರಷ್ಟು ಈ ಸೀಮೆಯ ಹೊಲ, ಕಾಡು, ಕೆಸರುಗಳನ್ನು ಕಾಲಿನಿಂದಲೇ ಬಲ್ಲವರು ಇನ್ನೊಬ್ಬರಿಲ್ಲ. ಅವರು ಹಾಕಿಕೊಟ್ಟ ಗಡಿಗಳ ಮೇಲೆ ನಮ್ಮ ಅರ್ಧ ಜಿಲ್ಲೆಯ ಅಣ್ಣತಮ್ಮಂದಿರು ಜಗಳವಿಲ್ಲದೆ ಬಾಳುತ್ತಿದ್ದಾರೆಂಬುದು ಅತಿಶಯೋಕ್ತಿಯಲ್ಲ. ಅವರ ಅಳತೆಯ ವಿಧಾನವನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಬರೆಯುವುದು ೧೯೪೦ರ ಬೇಸಿಗೆಯ ಒಂದು ಮಧ್ಯಾಹ್ನವನ್ನು ಕುರಿತು. ಅಂದು ಅಲ್ಲಿದ್ದ ಮೂವರಲ್ಲಿ ಒಬ್ಬರು ರಷ್ಯಾದವರು. ಹಿಂಕ್ಕನೆನ್ ಅವರು ಈ ವಿಷಯ ಮಾತನಾಡುವವರಲ್ಲ. ಉಳಿದವಳು ನಾನೊಬ್ಬಳೇ. ಬರೆಯಬೇಡಿ ಎಂದು ಅವರು ಎರಡು ಬಾರಿ ಹೇಳಿದ್ದರು. ಮೂರನೆಯ ಬಾರಿ ಕೇಳಿದಾಗ ಸುಮ್ಮನಿದ್ದರು. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದಿದ್ದೇನೆ.

೧೯೩೯ರ ಅಕ್ಟೋಬರಿನಲ್ಲಿ, ಪೂರ್ವದ ದೊಡ್ಡ ನೆರೆಯವರಾದ ರಷ್ಯಾದವರು ನಮ್ಮವರನ್ನು ಮಾಸ್ಕೋಗೆ ಕರೆಸಿಕೊಂಡು ಗಡಿಯನ್ನು ಹಿಂದೆ ಸರಿಸಿರೆಂದು ಕೇಳಿದರು. ಯೂರೋಪೆಲ್ಲ ಹೊತ್ತಿ ಉರಿಯುತ್ತಿತ್ತು. ತಮ್ಮ ನಗರದ ರಕ್ಷಣೆಗೆ ಜಾಗ ಬೇಕು, ಬದಲಿಗೆ ಬೇರೆಡೆ ಇಮ್ಮಡಿ ಜಾಗ ಕೊಡುತ್ತೇವೆ ಎಂಬುದು ಅವರ ಮಾತು. ಅವರು ಕೇಳಿದ ಜಾಗದಲ್ಲಿ ಎಷ್ಟು ಹೊಲ, ಎಷ್ಟು ಮನೆ ಎಂದು ಲೆಕ್ಕ ತೆಗೆಯುವ ಗುಟ್ಟಿನ ಕೆಲಸ ಹಿಂಕ್ಕನೆನ್ ಅವರ ಪಾಲಿಗೆ ಬಂತು. ಇಮ್ಮಡಿ ಸಿಗುವುದಾದರೆ ನಷ್ಟವೇನು ಎಂದು ಕಚೇರಿಯಲ್ಲಿ ಯಾರೋ ಅಂದರಂತೆ. ಅದಕ್ಕೆ ಇವರು, “ನಮ್ಮಜ್ಜ ನಲವತ್ತು ವರ್ಷ ಹೊಲದಿಂದ ಕಲ್ಲು ಎತ್ತಿ ಹಾಕಿದ್ದ. ಅವರು ಕೊಡೋ ಜಾಗದಲ್ಲಿ ಕಲ್ಲು ಎತ್ತಿ ಇಟ್ಟಿರೋರು ಯಾರು?” ಎಂದು ಕೇಳಿದ್ದನ್ನು ಆಗಿನ ಸಹೋದ್ಯೋಗಿಗಳು ಇಂದಿಗೂ ನೆನೆಯುತ್ತಾರೆ.

ಮಾತುಕತೆ ಮುರಿಯಿತು. ನೂರೈದು ದಿನದ ಚಳಿಗಾಲದ ಯುದ್ಧ ಮುಗಿದಾಗ, ಮೊದಲು ಕೇಳಿದ್ದಕ್ಕಿಂತ ಬಹಳ ಹೆಚ್ಚನ್ನೇ ಕೊಡಬೇಕಾಗಿ ಬಂತು. ಒಪ್ಪಂದದ ಗೆರೆಯನ್ನು ದೊಡ್ಡ ಸೀಮೆಯ ಚಿಕ್ಕ ನಕ್ಷೆಯ ಮೇಲೆ ಎಳೆಯಲಾಗಿತ್ತು. ಕಾಗದದ ಮೇಲೆ ಅದು ಪೆನ್ಸಿಲ್ಲಿನ ಒಂದು ಗೀಟು. ನೆಲದ ಮೇಲೆ ಇಳಿಸಿದರೆ ಒಂದು ಕಿಲೋಮೀಟರಿಗೂ ಮೀರಿದ ಅಗಲ. ಆ ಅಗಲದೊಳಗೆ ನಿಜವಾದ ಗಡಿ ಎಲ್ಲಿ ಎಂಬುದನ್ನು ಎರಡೂ ಕಡೆಯ ಜಂಟಿ ತಂಡಗಳು ನಡೆದು ಗುರುತಿಸಬೇಕಿತ್ತು. ನಮ್ಮ ತಂಡದ ಮುಖ್ಯಸ್ಥರು ಹಿಂಕ್ಕನೆನ್. ವೀಪುರಿಯಲ್ಲಿ ರಷ್ಯನ್ ಮಾತಾಡುತ್ತ ಬೆಳೆದ, ಆ ಒಪ್ಪಂದದಲ್ಲೇ ಆ ಊರನ್ನು ಆಗತಾನೆ ಕಳೆದುಕೊಂಡಿದ್ದ ನಾನು ದುಭಾಷಿ. ಎದುರಿನ ತಂಡಕ್ಕೆ ಮೇಜರ್ ರುದಾಕೊವ್ ಎಂಬ ಸೈನ್ಯದ ನಕ್ಷೆಗಾರರು.

ಜುಲೈ ಕೊನೆಯಲ್ಲಿ, ಲಡೋಗಾ ಸರೋವರದ ವಾಯವ್ಯದ ಕಾಡಿನಲ್ಲಿ, ಗೆರೆಯ ಅಗಲದೊಳಗೆ ಎರಡು ಹಳ್ಳಿಗಳು ಸಿಕ್ಕವು. ಪಾಯುಲಹ್ತಿಯಲ್ಲಿ ನಾಲ್ಕು ಮನೆ, ಮೂರು ಸುಟ್ಟಿದ್ದವು. ಸಾರ್ಕಮಾಕಿಯಲ್ಲಿ ಹನ್ನೊಂದು ಮನೆ, ಒಂದು ಶಾಲೆ. ಜನರೆಲ್ಲ ಯುದ್ಧಕಾಲದಲ್ಲೇ ಊರು ಬಿಟ್ಟು, ಗಡಿ ಎತ್ತ ಬೀಳುವುದೋ ಎಂದು ಬೇರೆ ಸೀಮೆಗಳ ಪರರ ಕೊಠಡಿಗಳಲ್ಲಿ ಕಾದಿದ್ದರು. ರುದಾಕೊವ್ ನಕ್ಷೆಯನ್ನು ಮರದ ಬುಡದ ಮೇಲೆ ಹರಡಿದರು.

“ಎರಡೂ ನಿಮಗೆ ಕೊಟ್ರೆ ನನ್ನ ತಲೆ ಹೋಗುತ್ತೆ. ಎರಡೂ ನಾನೇ ಇಟ್ಕೊಂಡ್ರೆ ನೀವು ಸಹಿ ಹಾಕಲ್ಲ. ಒಂದು ನಿಮಗೆ, ಒಂದು ನಮಗೆ. ಯಾವುದು ಅಂತ ನೀವೇ ಹೇಳಿ,” ಎಂದರು.

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಹಾಗೆಯೇ ಅನುವಾದಿಸಿದೆ. ಆದರೆ ಪಾಯುಲಹ್ತಿಯಲ್ಲಿ ಸುಡದೆ ಉಳಿದಿದ್ದ ಆ ಒಂದು ಮನೆ ಹಿಂಕ್ಕನೆನ್ ಅವರ ತಾಯಿ ಸೋಹ್ವಿಯಮ್ಮನವರದೆಂದು ನನಗೆ ಗೊತ್ತಿತ್ತು, ಮೇಜರರಿಗೆ ಗೊತ್ತಿರಲಿಲ್ಲ.

ಹಿಂಕ್ಕನೆನ್ ಒಂದು ಗಂಟೆ ಸಮಯ ಕೇಳಿದರು. ಸಾರ್ಕಮಾಕಿಗೆ ಒಬ್ಬರೇ ನಡೆದು ಹೋಗಿ, ಪ್ರತಿ ಮನೆಯ ಬಾಗಿಲವರೆಗೂ ಹೋಗಿ ಬಂದರು. ಮರಳಿದ ಮೇಲೆ ನಕ್ಷೆಯ ಮೇಲೆ ಬೆರಳಿಟ್ಟು, “ಸಾರ್ಕಮಾಕಿ ನಮಗಿರಲಿ,” ಎಂದರು. ಪಾಯುಲಹ್ತಿಯಲ್ಲಿ ಯಾರು ಇದ್ದರೆಂದು ಮೇಜರರು ಕಡತಕ್ಕಾಗಿ ಕೇಳಿದರು. ಹಿಂಕ್ಕನೆನ್ ನನ್ನ ಕಡೆ ತಿರುಗಿ, “ನಾಲ್ಕು ಮನೆಯವರು ಅಂತ ಹೇಳಿ, ಎಲ್ವಿಯವರೇ. ಅಷ್ಟು ಸಾಕು,” ಎಂದರು. ಅಷ್ಟೇ ಹೇಳಿದೆ. ದುಭಾಷಿಯಾಗಿ ನಾನು ಸತ್ಯವನ್ನು ಕಡಿಮೆ ಮಾಡಿ ಹೇಳಿದ್ದು ಅದೊಂದೇ ಸಲ.

ಗಡಿಕಂಬ ನೆಡುವ ಮೊದಲು, ಅರ್ಧ ಗಂಟೆ ಪಾಯುಲಹ್ತಿಯ ಆ ಮನೆಗೆ ಹೋಗಿ ಬರಲು ಹಿಂಕ್ಕನೆನ್ ಅನುಮತಿ ಬೇಡಿದರು. ಹೊರಬಂದಾಗ ಕೈಯಲ್ಲಿದ್ದದ್ದು ರೈ ಧಾನ್ಯದ ಹಿಟ್ಟು ಕಲಸುವ ಮರದ ತೊಟ್ಟಿ. ಅದರ ಒಳಮೈಗೆ ಒಣಗಿ ಅಂಟಿದ ಹುಳಿಹಿಟ್ಟೇ ಮುಂದಿನ ರೊಟ್ಟಿಯ ಬೀಜ. ಆ ತೊಟ್ಟಿಯನ್ನು ನಮ್ಮ ಕಡೆಯ ಯಾವ ತಾಯಿಯೂ ತೊಳೆಯುವುದಿಲ್ಲ. ಮೇಜರ್ ರುದಾಕೊವ್ ತೊಟ್ಟಿಯನ್ನು ನೋಡಿದರು, ಹಿಂಕ್ಕನೆನ್ ಅವರ ಮುಖವನ್ನು ನೋಡಿದರು. ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿ, ತೊಟ್ಟಿಯ ಇನ್ನೊಂದು ಬದಿ ಹಿಡಿದು, ನಮ್ಮ ಗಾಡಿಯವರೆಗೆ ಜೊತೆಯಲ್ಲಿ ಹೊತ್ತು ತಂದರು. ಆ ಮನುಷ್ಯ ಮುಂದೆ ಏನಾದರೋ ತಿಳಿಯದು.

ಸೋಹ್ವಿಯಮ್ಮ ಹಾಮೆ ಸೀಮೆಯ ಒಂದು ರೈತರ ಮನೆಯ ಹಿಂಬದಿ ಕೊಠಡಿಯಲ್ಲಿ ಆಶ್ರಯ ಪಡೆದಿದ್ದರು. ಮಗ ತೊಟ್ಟಿಯನ್ನು ನೆಲದ ಮೇಲಿಟ್ಟು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಆಕೆ, “ನಿನಗೆ ಅಳತೆ ಕಲಿಸೋಕೆ ನಿಮ್ಮಪ್ಪ ಹಾಲು ಕೊಡೋ ಹಸು ಮಾರಿದ. ಇದಕ್ಕೇನೋ?” ಎಂದರು. ತಾವು ಮಾಡಿದ್ದು ಸರಿಯೆಂದು ಮಗ ವಾದಿಸಲಿಲ್ಲ. “ಇದಕ್ಕೇ ಅಂತ ಕಾಣುತ್ತೆ, ಅಮ್ಮ,” ಎಂದಷ್ಟೇ ಹೇಳಿದರು.

ಮರುವರ್ಷ ಯುದ್ಧ ಮತ್ತೆ ಹೊರಳಿ, ಕಳೆದ ನೆಲ ನಮ್ಮ ಕೈಗೆ ಬಂದು, ತಾಯಿ ಮೂರು ಬೇಸಿಗೆ ತಮ್ಮ ಮನೆಯಲ್ಲೇ ಕಳೆದರು. ಆದರೆ ೧೯೪೪ರಲ್ಲಿ ಗಡಿ ಮರಳಿ ಬಂದು ನಿಂತದ್ದು ಮಗ ನೆಟ್ಟ ಕಂಬಗಳ ಸಾಲಿಗೇ. ಒಂದೇ ಮನೆಯನ್ನು ಆಕೆ ಎರಡು ಸಲ ಕಳೆದುಕೊಂಡರು.

ಅನಂತರದ ಹತ್ತು ವರ್ಷ ಹಿಂಕ್ಕನೆನ್ ಅವರು ಊರು ಕಳೆದುಕೊಂಡವರಿಗೆ ಜಮೀನು ಹಂಚುವ ಕೆಲಸದಲ್ಲಿ ತಮ್ಮನ್ನು ತೇಯ್ದುಕೊಂಡರು. ಯುದ್ಧದಿಂದ ನನ್ನ ಗಂಡ ಮರಳದಿದ್ದಾಗ ನನ್ನನ್ನು ಕಚೇರಿಗೆ ಕರೆದು, ನಕ್ಷೆ ಬರೆಯಲು ತಾವೇ ಕೂತು ಕಲಿಸಿದರು. ನನ್ನ ಮೊದಲ ವರ್ಷದ ತಪ್ಪುಗಳನ್ನೆಲ್ಲ ತಮ್ಮ ಹೆಸರಿಗೆ ಹಾಕಿಕೊಂಡರು. ಒಮ್ಮೆ ಸಾರ್ಕಮಾಕಿಯ ಸಭೆಯಲ್ಲಿ ಒಬ್ಬ ರೈತ ಎದ್ದು ನಿಂತು, “ನಮ್ಮ ಹುಲ್ಲುಗಾವಲನ್ನ ರಷ್ಯದೋರಿಗೆ ಬರೆದುಕೊಟ್ಟ ದೊಡ್ಡ ಮನುಷ್ಯ ಇವರೇ ನೋಡಿ,” ಎಂದು ಹಂಗಿಸಿದ. ನಾನು ಏಳಲು ಹೊರಟೆ. ಹಿಂಕ್ಕನೆನ್ ನನ್ನ ತೋಳು ಹಿಡಿದು ಕೂರಿಸಿದರು. ಹುಲ್ಲುಗಾವಲು ಹೋದದ್ದು ನಿಜವೇ ಎಂದು ಒಪ್ಪಿಕೊಂಡು, ಬದಲಿ ಮೇವಿಗೆ ಅರ್ಜಿ ಹಾಕುವುದು ಹೇಗೆಂದು ಆ ರೈತನಿಗೆ ವಿವರಿಸಿದರು. ಸಾರ್ಕಮಾಕಿಯವರು ಉಳಿದ ಕಥೆಯನ್ನು ಈ ಲೇಖನದಿಂದಲೇ ಮೊದಲ ಬಾರಿ ತಿಳಿಯಲಿದ್ದಾರೆ.

ತಾಯಿ ಕೊನೆಯವರೆಗೆ ಮಗನ ಮನೆಯಲ್ಲೇ ಇದ್ದರು, ಆ ತೊಟ್ಟಿಯಲ್ಲೇ ರೊಟ್ಟಿ ಮಾಡಿದರು. ಪಾಯುಲಹ್ತಿಯ ಹೆಸರನ್ನು ಮಾತ್ರ ಎತ್ತಲಿಲ್ಲ. ೧೯೫೬ರ ಚಳಿಗಾಲದಲ್ಲಿ ಹಾಸಿಗೆ ಹಿಡಿದಾಗ ಒಂದು ದಿನ, ನಾನು ನೋಡಲು ಹೋಗಿದ್ದ ಹೊತ್ತಿನಲ್ಲೇ, “ಆರ್ವೊ, ನಮ್ಮ ಮನೆ ಬರೆದು ತೋರ್ಸು,” ಎಂದರು. ಮಗ ಹಾಳೆ ತಂದು ಬರೆಯತೊಡಗಿದರು: ಮನೆ, ಕೊಟ್ಟಿಗೆ, ನೀರಂಚಿನ ಉಗಿಸ್ನಾನದ ಕೋಣೆ. ಆಕೆ ಕನ್ನಡಕ ಹಾಕಿಕೊಂಡು ನೋಡಿದರು.

“ಬಾವಿ ಅಲ್ಲಿರಲಿಲ್ಲ ಕಣೋ. ಇನ್ನೂ ಈಚೆ. ಎಂಥಾ ಅಳತೆಗಾರನಪ್ಪಾ ನೀನು.”

ಅವರು ಅಳಿಸಿ ಬರೆದರು. ಮತ್ತೆ ಅಳಿಸಿ ಬರೆದರು. ಸಂಜೆಯವರೆಗೂ ತಾಯಿ ತಿದ್ದಿದರು, ಮಗ ತಿದ್ದಿಸಿಕೊಂಡರು. ಹದಿನಾರು ವರ್ಷಗಳಲ್ಲಿ ಅವರಿಬ್ಬರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆ ಹಾಳೆಯಿಂದಲೇ, ಹಿಂಕ್ಕನೆನ್ ನಿವೃತ್ತಿಯಲ್ಲೂ ಮುಂದುವರಿಸಲಿರುವ ಕೆಲಸ ಹುಟ್ಟಿತು. ಗಡಿಯಾಚೆ ಉಳಿದ ಮನೆಗಳನ್ನು, ಅಲ್ಲಿ ಬಾಳಿದವರ ಬಾಯಿಂದ ಕೇಳಿ, ಒಂದೊಂದಾಗಿ ಬರೆದಿಡುತ್ತಿದ್ದಾರೆ. ಮುದುಕರು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಅಂಗಳದ ಮರ ಯಾವ ಕಡೆಗಿತ್ತೆಂದು ಗಂಡ ಹೆಂಡಿರೇ ಜಗಳವಾಡುತ್ತಾರೆ. ಇವರು ರಬ್ಬರು ಹಿಡಿದು ಕಾಯುತ್ತಾರೆ. ಮುನ್ನೂರ ಹನ್ನೆರಡು ಮನೆಗಳು ಮುಗಿದಿವೆ, ಸಾವಿರಾರು ಉಳಿದಿವೆ, ಹೇಳುವವರು ಪ್ರತಿ ಚಳಿಗಾಲ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಅವರಿಗೆ ಆಯುಸ್ಸನ್ನೂ, ಕೈಗೆ ಸ್ಥಿರತೆಯನ್ನೂ, ಕಣ್ಣಿಗೆ ಬೆಳಕನ್ನೂ ಕೋರುವ ನಮ್ಮ ಹಾರೈಕೆಯಲ್ಲಿ ಸ್ವಾರ್ಥವೂ ಇದೆ. ವೀಪುರಿಯ ನನ್ನ ತೌರುಮನೆಯ ಸರದಿ ಬರುವ ಮಂಗಳವಾರ. ಮೆಟ್ಟಿಲು ಎಷ್ಟಿದ್ದವೆಂದು ನೆನಪು ಮಾಡಿಕೊಂಡು ಬರಲು ಹೇಳಿದ್ದಾರೆ.