ಹೆಂಗಸರ ಕಡೆಯ ಕ್ಯಾಮೆರಾ

ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಕನ್ನಡದ ಮುಸ್ಲಿಂ ಮನೆಗಳಲ್ಲಿ ಮದುವೆ ಎಂದರೆ ಹೆಂಗಸರ ಕಡೆಯ ಫೋಟೊ ನನ್ನದು. ಹದಿನೇಳು ವರ್ಷಗಳಿಂದ ಹೀಗೇ ನಡೆದಿದೆ. ನನ್ನನ್ನು ಯಾರೂ ನೇಮಿಸಿದ್ದಲ್ಲ. ಮೊದಲ ಮದುವೆಯಲ್ಲಿ ಕ್ಯಾಮೆರಾ ಇದ್ದವಳು ನಾನೊಬ್ಬಳೇ, ಆಮೇಲೆ ಹಿಡಿದ ಕೆಲಸವನ್ನು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಹೆಂಗಸರ ಕಡೆ ಗಂಡಸು ಫೋಟೊಗ್ರಾಫರ್ ಬರುವಂತಿಲ್ಲ. ಪರದೆಯ ಒಳಗೆ ಬುರ್ಖಾ ಕಳಚಿಟ್ಟು, ತಲೆಗೆ ಮಲ್ಲಿಗೆ ಮುಡಿದು, ಮನಸೋಇಚ್ಛೆ ಹಾಡಿ ನಗುವವರ ಚಿತ್ರ ಹೊರಗೆ ಹೋಗಬಾರದು. ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಕಾರ್ಯಕ್ರಮ ಮುಗಿದ ಕೂಡಲೇ ನಾನು ಕ್ಯಾಮೆರಾದಿಂದ ಮೆಮೊರಿ ಕಾರ್ಡ್ ತೆಗೆದು, ಎಲ್ಲರೂ ನೋಡುತ್ತಿರುವಾಗಲೇ ಮದುಮಗಳ ಕೈಗೆ ಕೊಡುತ್ತೇನೆ. ನಡುವೆ ಇನ್ನೊಬ್ಬರ ಕೈ ಇಲ್ಲ. ನನ್ನ ಹತ್ತಿರ ಒಂದು ಪ್ರತಿಯೂ ಉಳಿಯುವುದಿಲ್ಲ. ಇಷ್ಟು ಮದುವೆಗಳಲ್ಲಿ ತೆಗೆದ ಚಿತ್ರಗಳಲ್ಲಿ ಒಂದನ್ನೂ ನಾನು ತೋರಿಸಲಾರೆ, ಆ ಬಗ್ಗೆ ನನಗೆ ಜಂಬವೂ ಇದೆ.

ಸಂಧಿವಾತ ಬಂದದ್ದು ಮೂರು ವರ್ಷದ ಹಿಂದೆ. ಮೊದಲು ಬೆಳಿಗ್ಗೆ ಚಪಾತಿ ಹಿಟ್ಟು ನಾದುವಾಗ ಬೆರಳು ಮಡಚಲಿಲ್ಲ. ಆಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಲಿಲ್ಲ. ಡಾಕ್ಟರ ಔಷಧಿಯಿಂದ ನೋವು ಹಿಡಿತಕ್ಕೆ ಬಂತು, ಬೆರಳುಗಳ ಚುರುಕು ಮಾತ್ರ ಮರಳಲಿಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ನನ್ನ ಹಳೆಯ ಭಾರದ ಕ್ಯಾಮೆರಾ ಕೈಜಾರಿ ಬಿರಿಯಾನಿ ತಟ್ಟೆಯ ಮೇಲೆಯೇ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮದುಮಗಳು ಒಳಗೆ ಬಂದ ಕ್ಷಣ ನನಗೆ ಸಿಗಲಿಲ್ಲ.

ಹಾಗಾಗಿ ಮಂಗಳೂರು ಮೂಲದ ನಮ್ಮ ಗೆಳತಿ ತನ್ನ ಮಗಳ ಮದುವೆಗೆ ಕರೆಯಲು ಬಂದಾಗ ಅವಳ ಮುಖದಲ್ಲಿ ಒಂದು ಸಂಕೋಚ ಇತ್ತು. ಅವರ ಮನೆಮಾತು ಬ್ಯಾರಿ, ನಮ್ಮದು ಹುಬ್ಬಳ್ಳಿಯ ಉರ್ದು. ಇಬ್ಬರಿಗೂ ಜಗಳಕ್ಕೂ ಪ್ರೀತಿಗೂ ಕನ್ನಡವೇ ಗತಿ.

"ಆಪಾ, ಈ ಸಲ ನೀವು ಆರಾಮಲ್ಲಿ ಕೂತು ಊಟ ಮಾಡಿ ಮಾರಾಯ್ರೆ," ಎಂದಳು. "ಕೈಗೆ ಯಾಕೆ ಅಷ್ಟು ತ್ರಾಸ? ಕ್ವಾಲಾಲಂಪುರದಲ್ಲಿ ಫೋಟೊ ತೆಗೆಯುವ ಹೆಣ್ಮಕ್ಕಳು ಇದ್ದಾರೆ. ಒಬ್ಬಳಿಗೆ ಹೇಳಿದ್ರಾಯ್ತು."

ಅವಳು ಪ್ರೀತಿಯಿಂದಲೇ ಹೇಳಿದ್ದು. ಆದರೂ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳ ಮಗಳು ಆರು ವರ್ಷದವಳಿದ್ದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕ ಚಿತ್ರ ತೆಗೆದವಳು ನಾನು. ಅವಳ ಮೆಹೆಂದಿಯ ದಿನ ನಾನು ಮೂಲೆಯಲ್ಲಿ ಕೂತು ಬಿರಿಯಾನಿ ತಿನ್ನಬೇಕೇ?

"ನಾನ ತೆಗಿತೀನಿ," ಎಂದೆ. "ಇನ್ನೂ ನಾಕು ವಾರ ಐತಿ. ನೀ ಯಾರಿಗೂ ಹೇಳಬ್ಯಾಡ."

ನನ್ನ ಯಜಮಾನರು ಎಂಜಿನಿಯರ್. ಅವರ ಎದುರು ಯಾವ ಕಷ್ಟ ಹೇಳಿಕೊಂಡರೂ ಅದಕ್ಕೊಂದು ಸಾಧನ ಹುಡುಕಿ ತರುತ್ತಾರೆ. ಮೂರೇ ದಿನದಲ್ಲಿ ದೊಡ್ಡ ಪರದೆಯ ಫೋನು, ಅದಕ್ಕೊಂದು ಸ್ಟ್ಯಾಂಡು ಮನೆಗೆ ಬಂದವು.

"ಬಟನ್ ಒತ್ತೂದ ಬ್ಯಾಡ," ಎಂದರು ಹೆಮ್ಮೆಯಿಂದ. "ನೀ ಬಾಯಿಲೆ ಕ್ಲಿಕ್ ಅನ್ನು, ಅದು ತಾನ ತೆಗಿತೈತಿ."

ನಿಜಕ್ಕೂ ತೆಗೆಯಿತು. ಭಾನುವಾರ ನನ್ನ ಮಗಳೂ ಅವಳ ಇಬ್ಬರು ಗೆಳತಿಯರೂ ಮೆಹೆಂದಿಗೆ ಹಾಕುವ ಬಟ್ಟೆ ತೊಟ್ಟು, ಕೂದಲು ಬಿಟ್ಟುಕೊಂಡು ಕೋಣೆಯಲ್ಲಿ ಕುಣಿಯುತ್ತಿದ್ದರು. ಪರೀಕ್ಷೆ ಮಾಡೋಣವೆಂದು ಬಾಗಿಲು ಹಾಕಿ ನಿಂತೆ. ಕ್ಲಿಕ್ ಅಂದೆ, ತೆಗೆಯಿತು. ಮತ್ತೆ ಕ್ಲಿಕ್ ಅಂದೆ. ಮೂರನೆಯ ಸಲ ಅನ್ನುವಷ್ಟರಲ್ಲಿ ಹಾಲ್‌ನಿಂದ ಯಜಮಾನರ ಕೂಗು ಕೇಳಿತು.

ಓಡಿ ಹೋದೆ. ನಾನು ಚಿಕ್ಕ ಪರದೆ ನೋಡಿ ಕಣ್ಣು ನೋಯಿಸಿಕೊಳ್ಳಬಾರದೆಂದು, ತೆಗೆದ ಚಿತ್ರ ತಕ್ಷಣ ಟಿವಿಯಲ್ಲಿ ಕಾಣುವ ಹಾಗೆ ಅವರು ಜೋಡಿಸಿಟ್ಟಿದ್ದರು. ಜೋಡಿಸಿದ್ದನ್ನು ಮರೆತು ಆಫೀಸಿನ ಗೆಳೆಯನೊಬ್ಬನನ್ನು ಕೂರಿಸಿಕೊಂಡು ಅದೇ ಟಿವಿಯಲ್ಲಿ ಬ್ಯಾಡ್ಮಿಂಟನ್ ನೋಡುತ್ತಿದ್ದರು. ಈಗ ಲುಂಗಿಯಲ್ಲಿ, ಎರಡೂ ಕೈ ಅಗಲಿಸಿ, ಟಿವಿಗೆ ಅಡ್ಡ ನಿಂತಿದ್ದರು. ಆ ಗೆಳೆಯ ಪಾಪ ಮರ್ಯಾದಸ್ಥ, ಕತ್ತೆತ್ತಿ ಫ್ಯಾನನ್ನೇ ನೋಡುತ್ತಿದ್ದ.

"ಮಮ್ಮಿ, ದಿಸ್ ಈಸ್ ಸೋ ಎಂಬ್ಯಾರಸಿಂಗ್!" ಎಂದು ಮಗಳು ಬಾಗಿಲ ಹಿಂದಿನಿಂದ ಕಿರುಚಿದಳು.

ಹುಡುಗಿಯರ ಎದುರಿಗೇ ಎಲ್ಲವನ್ನೂ ಅಳಿಸಿದೆ. ಯಜಮಾನರಿಗೆ ಅಂದು ನನ್ನ ಬಾಯಿಂದ ಏನೇನು ಕೇಳಬೇಕಾಯಿತೋ ಅದನ್ನು ಇಲ್ಲಿ ಬರೆಯುವುದು ಬೇಡ. "ಹಿಂಗಾದ್ರ ಮೆಹೆಂದಿ ಫೋಟೊ ಗಂಡಸರ ಪಂಕ್ತಿಯೊಳಗ ಟಿವಿ ಮ್ಯಾಲೆ ಬರ್ತಾವು!" ಎಂಬುದು ಅದರಲ್ಲಿ ಮೆತ್ತಗಿನ ಮಾತು. ಸಿಟ್ಟು ಇಳಿದ ಮೇಲೆ ಒಂದು ಸಂಗತಿ ಖಚಿತವಾಯಿತು. ನನಗೆ ಬೇಕಾದ ಕ್ಯಾಮೆರಾ ಚಿತ್ರವನ್ನು ಎಲ್ಲಿಗೂ ಕಳಿಸಬಾರದು. ಅದು ಕಾರ್ಡಿನಲ್ಲೇ ಇರಬೇಕು, ಆ ಕಾರ್ಡನ್ನು ಈ ಬೆರಳುಗಳೇ ಹೊರಗೆ ತೆಗೆಯಬೇಕು.

ಮರುವಾರ ಒಬ್ಬಳೇ ಎಲ್‌ಆರ್‌ಟಿ ರೈಲು ಹತ್ತಿ ಕ್ಯಾಮೆರಾ ಅಂಗಡಿಗಳ ಕಡೆ ಹೊರಟೆ. ಯಜಮಾನರು ಬರುತ್ತೇನೆಂದರು, ಬೇಡವೆಂದೆ. ಮೊದಲ ಅಂಗಡಿಯವನು ದೊಡ್ಡದೊಂದನ್ನು ನನ್ನ ಕೈಗಿಟ್ಟು "ವೆರಿ ಲೈಟ್ ಲಾ, ಆಂಟಿ" ಎಂದ. ನಾನು ಚಿತ್ರ ತೆಗೆಯದೆ ಕಾರ್ಡಿನ ಬಾಗಿಲನ್ನೇ ತೆರೆದು ಮುಚ್ಚಿ ಮಾಡುವುದನ್ನು ಕಂಡು, ಇವಳಿಗೆ ಎಲ್ಲೋ ಸಡಿಲವಾಗಿದೆ ಎಂಬಂತೆ ನೋಡಿದ. ನಾನೂ ಅವನನ್ನು ಹಾಗೆಯೇ ನೋಡಿ ಎದ್ದು ಬಂದೆ.

ಎರಡನೆಯ ಅಂಗಡಿ ಒಬ್ಬ ಚೀನೀ ಹೆಂಗಸಿನದು. ಐವತ್ತರ ಆಸುಪಾಸು, ದಪ್ಪ ಕನ್ನಡಕ. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕ್ಯಾಮೆರಾ ತೋರಿಸುವ ಮೊದಲು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ "ವಿಚ್ ಫಿಂಗರ್ ಗುಡ್?" ಎಂದಳು.

ಮೂರು ವರ್ಷದಲ್ಲಿ ಎಲ್ಲರೂ ನನ್ನನ್ನು ಯಾವುದು ಆಗುವುದಿಲ್ಲ ಎಂದು ಕೇಳಿದವರೇ. ಯಾವುದು ಚೆನ್ನಾಗಿದೆ ಎಂದು ಕೇಳಿದವಳು ಇವಳೊಬ್ಬಳು. ಎಡಗೈ ಹೆಬ್ಬೆರಳು ಗಟ್ಟಿ, ಬಲಗೈ ನಡುಬೆರಳಿನ ಗೆಣ್ಣು ಗಟ್ಟಿ, ಮಧ್ಯಾಹ್ನದ ಮೇಲೆ ಮಣಿಕಟ್ಟುಗಳೂ ನನ್ನ ಮಾತು ಕೇಳುತ್ತವೆ ಎಂದು ಹೇಳಿದೆ.

ಅವಳು ಮೂರು ಕ್ಯಾಮೆರಾ ತಂದಿಟ್ಟಳು. ಮೊದಲನೆಯದರಲ್ಲಿ ಕಾರ್ಡಿನ ಬಾಗಿಲು ಅಡಿಯಲ್ಲಿತ್ತು. ಭಾರ ಹೊರಲು ನನಗೆ ಒಂಟಿ ಕಾಲಿನ ಸ್ಟ್ಯಾಂಡ್ ಬೇಕೇ ಬೇಕು, ಅದನ್ನು ತಿರುಪಿದರೆ ಈ ಬಾಗಿಲು ತೆರೆಯುವುದಿಲ್ಲ. ಎರಡನೆಯದರ ಬಟನ್ನು ತೊಗರಿಕಾಳಿನಷ್ಟು. ಮೂರನೆಯದು ಹಗುರ, ಹಿಡಿಯುವ ಜಾಗದಲ್ಲಿ ದಪ್ಪ ರಬ್ಬರು, ಬೆರಳಿನ ಗೆಣ್ಣಿನಿಂದ ಪರದೆ ಮುಟ್ಟಿದರೂ ಚಿತ್ರ ತೆಗೆಯುತ್ತಿತ್ತು. ಲೆನ್ಸ್‌ನಲ್ಲಿ ತಿರುಗಿಸುವ ಜೂಮ್ ಇರಲಿಲ್ಲ. ಹತ್ತಿರ ಬೇಕಾದರೆ ಹತ್ತಿರ ನಡೆ, ಕಾಲು ಚೆನ್ನಾಗಿದೆಯಲ್ಲ ಎಂದಳು ಅವಳು. ಕಾರ್ಡಿನ ಬಾಗಿಲು ಪಕ್ಕದಲ್ಲಿತ್ತು. ಚಿತ್ರಗಳನ್ನು ಫೋನಿಗೆ ಕಳಿಸುವ ವ್ಯವಸ್ಥೆಯನ್ನು ನನ್ನ ಎದುರಿಗೇ ಬಂದ್ ಮಾಡಿಸಿದೆ.

ಕಾರ್ಡನ್ನು ಗೆಣ್ಣಿನಿಂದ ಒತ್ತಿದರೆ ಸ್ಪ್ರಿಂಗ್ ಅದನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತದೆ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಎಳೆಯಲು ಒಂದು ಟೇಪಿನ ಬಾಲ ಅಂಟಿಸೋಣವೇ ಎಂದು ಕೇಳಿದೆ. ಒಳಗೆ ಸಿಕ್ಕಿಕೊಂಡರೆ ಕ್ಯಾಮೆರಾ ಸತ್ತಿತೆಂದೇ ಲೆಕ್ಕ ಎಂದು ಅವಳು ತಲೆಯಾಡಿಸಿದಳು. ಅಂಗಡಿಯಲ್ಲೇ ಕುರ್ಚಿ ಹಾಕಿಸಿಕೊಂಡು ಹನ್ನೊಂದು ಸಲ ತೆಗೆದು ನೋಡಿದೆ. ಒಂಬತ್ತು ಸಲ ಬಂತು. ಬರದ ಎರಡು ಸಲದ ಬಗ್ಗೆ ಮನೆಯಲ್ಲಿ ಬಾಯಿಬಿಡಲಿಲ್ಲ.

ಮೆಹೆಂದಿ ಗೆಳತಿಯ ಅಪಾರ್ಟ್‌ಮೆಂಟ್ ಕಟ್ಟಡದ ಕೆಳಗಿನ ಹಾಲ್‌ನಲ್ಲಿ, ಮಧ್ಯಾಹ್ನ ಎರಡಕ್ಕೆ. ನಾನು ಕತ್ತಿನಲ್ಲಿ ಕ್ಯಾಮೆರಾದ ಪಟ್ಟಿ, ಕೈಯಲ್ಲಿ ಒಂಟಿ ಕಾಲಿನ ಸ್ಟ್ಯಾಂಡ್ ಹಿಡಿದು ಒಳಗೆ ಹೋದಾಗ ಗೆಳತಿಯರು ಕಿಚಾಯಿಸಿದರು. "ಏನ್ ಆಪಾ, ಮೀನು ಹಿಡಿಯಕ್ಕೆ ಬಂದ್ರಾ?" ನಾನು ಕೇಳಿಸಿಕೊಳ್ಳಲಿಲ್ಲ, ನನಗೆ ಕೆಲಸ ಇತ್ತು. ಮದುಮಗಳು ಒಳಗೆ ಬಂದ ಕ್ಷಣ ಸಿಕ್ಕಿತು. ಅವಳ ತಾಯಿ ಕಣ್ಣೊರೆಸಿಕೊಂಡಿದ್ದು ಸಿಕ್ಕಿತು. ಜೂಮ್ ಇಲ್ಲದ್ದರಿಂದ ಹತ್ತಿರ ಹತ್ತಿರ ಹೋಗಿ, ಹಿಂದೆಂದೂ ತೆಗೆಯದಂಥ ಮುಖಗಳನ್ನು ತೆಗೆದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ತೆಗೆದಿರಲಿಲ್ಲ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ.

ಆರು ಗಂಟೆಗೆ ಎಲ್ಲರೂ ಸುತ್ತ ಸೇರಿದರು. ಕಾರ್ಡ್ ಕೊಡುವ ಹೊತ್ತು. ಸೋಫಾದಲ್ಲಿ ಕೂತ ಮದುಮಗಳ ಮುಂದೆ ನಿಂತು ಪಕ್ಕದ ಬಾಗಿಲು ತೆರೆದೆ. ಗೆಣ್ಣಿನಿಂದ ಒತ್ತಿದೆ, ಕಾರ್ಡು ತಲೆ ಹೊರಗೆ ಹಾಕಿತು. ಹಿಡಿಯಲು ಹೋದೆ, ಬೆರಳು ಕೂಡಲಿಲ್ಲ. ನಾಲ್ಕು ತಾಸಿನ ಕೆಲಸಕ್ಕೆ ಅವು ಊದಿಕೊಂಡಿದ್ದವು. ಮತ್ತೆ ಪ್ರಯತ್ನಿಸಿದೆ, ಜಾರಿತು. ಗೆಳತಿ ನೆರವಿಗೆಂದು ಅರ್ಧ ಎದ್ದಳು. ಅವಳು ಬಂದು ತೆಗೆದುಕೊಟ್ಟರೆ ಇದೇ ನನ್ನ ಕೊನೆಯ ಮದುವೆ ಎಂದು ನನಗೆ ಗೊತ್ತಿತ್ತು. ಹೆದರಿಕೆಯಾಯಿತು.

ಹುಡುಗಿ ಕೈ ಚಾಚಲು ಹೋಗಿ ನಿಲ್ಲಿಸಿದಳು. ಮೊಣಕೈವರೆಗೂ ಹಸಿ ಮೆಹೆಂದಿ. ಅವಳೂ ಹಿಡಿಯುವಂತಿರಲಿಲ್ಲ. ತನ್ನ ಕೈ ನೋಡಿಕೊಂಡಳು, ನನ್ನ ಕೈ ನೋಡಿದಳು. ಹುಟ್ಟಿದಾಗಿನಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ತಡವರಿಸಿಕೊಂಡು ಕನ್ನಡದಲ್ಲಿ ಕೇಳಿದಳು.

"ಖಾಲಾ, ನಂಗೆ ಇವತ್ತು ಒಂದಿನ ಹೀಗೆ. ನಿಮ್ಗೆ ದಿನಾ ಹೀಗೇನಾ?"

"ದಿನಾ ಅಲ್ಲ ಬೇಟಾ," ಎಂದೆ. "ಭಾಳ ದಿನ."

ಅವಳು ಮೊಣಕೈಗಳನ್ನು ಮೇಲಕ್ಕೆತ್ತಿ, ಹಸಿರು ದುಪಟ್ಟಾ ಹರಡಿದ ತನ್ನ ಮಡಿಲನ್ನು ಗದ್ದದಿಂದ ತೋರಿಸಿದಳು. ನನಗೆ ಅರ್ಥವಾಯಿತು. ಕ್ಯಾಮೆರಾವನ್ನು ಮಡಿಲ ಮೇಲೆ ಓರೆಯಾಗಿ ಹಿಡಿದು ಅಂಗೈಯಿಂದ ಎರಡು ಸಲ ತಟ್ಟಿದೆ. ಕಾರ್ಡು ಜಾರಿ ದುಪಟ್ಟಾದ ಮೇಲೆ ಬಿತ್ತು.

"ಬೀಳ್ತದೆ, ನಾನು ತೆಗೆದಿಡ್ತೇನೆ," ಎಂದು ಗೆಳತಿ ಮುಂದೆ ಬಂದಳು.

"ಮುಟ್ಬೇಡ ಉಮ್ಮಾ," ಎಂದಳು ಹುಡುಗಿ. "ಖಾಲಾ ನಂಗೆ ಕೊಟ್ಟಿದ್ದು."

ಮೆಹೆಂದಿ ಒಣಗುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ, ಮಡಿಲಲ್ಲಿದ್ದುದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಗೆಳತಿ ಒಂದು ತಟ್ಟೆ ಬಿರಿಯಾನಿ ತಂದು ನಮ್ಮಿಬ್ಬರ ನಡುವೆ ಕೂತಳು. ಒಂದು ತುತ್ತು ಮಗಳ ಬಾಯಿಗಿಟ್ಟು, ಮುಂದಿನ ತುತ್ತನ್ನು ನನ್ನ ಕಡೆ ಚಾಚಿ, "ನಾಡಿದ್ದು ನಿಕಾಹ್‌ಗೆ ಹತ್ತು ಗಂಟೆಗೇ ಬರ್ಬೇಕು ಆಪಾ, ಕ್ಯಾಮೆರಾ ಮರೀಬೇಡಿ," ಎಂದಳು. ಹತ್ತಕ್ಕೆ ನನ್ನ ಬೆರಳು ಏಳುವುದಿಲ್ಲ, ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಎಂದೆ. ಅವರು ನಿಕಾಹ್‌ನ ಹೊತ್ತನ್ನು ಎರಡೂವರೆಗೆ ಬದಲಾಯಿಸಿದರು.