ಬೀರಿಗೆ ಹೋದ ನುಚ್ಚು

ಬನವಾಸಿ ರಸ್ತೆಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇತ್ತು. ಈಗ ಅಲ್ಲಿ ಟೈಲ್ಸ್ ಅಂಗಡಿ ಇದೆ. ಆದರೂ ಆ ದಾರಿಯಲ್ಲಿ ಹೋಗುವಾಗ ನನ್ನ ಮೂಗು ಬಿಸಿ ತೌಡಿನ ವಾಸನೆಯನ್ನು ಹುಡುಕುತ್ತದೆ. ಸುಗ್ಗಿಯ ನಂತರ ವಜ್ರಳ್ಳಿ ಕಡೆಯಿಂದಲೂ ಭತ್ತ ಬರುತ್ತಿತ್ತು. ಸಂಜೆ ಹೊತ್ತಿಗೆ ನಮ್ಮೆಲ್ಲರ ಹುಬ್ಬು ಬೆಳ್ಳಗಾಗಿರುತ್ತಿತ್ತು. ದಿನವಿಡೀ ಮಷಿನ್ ಸದ್ದಿನಲ್ಲಿ ಕೂಗಿ ಮಾತಾಡಿ, ಅದು ನಿಂತ ಮೇಲೂ ಸ್ವಲ್ಪ ಹೊತ್ತು ಕೂಗಿಯೇ ಮಾತಾಡುತ್ತಿದ್ದೆವು. ಹೆಂಗಸರು ಸೆರಗು ಕೊಡವಿಕೊಂಡು ನಗುತ್ತ ಮನೆಗೆ ಹೋಗುತ್ತಿದ್ದರು.

ಜರಡಿಯ ಕೆಳಗೆ ಬೀಳುವ ನುಚ್ಚನ್ನು ಬೀರ್ ಫ್ಯಾಕ್ಟರಿಯವರು ಕೊಳ್ಳುತ್ತಾರೆಂದು ಹೇಳಿದವನು ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು; ಅವನು ಲಾರಿ ಡ್ರೈವರ್ ಆದ. ಬಾರ್ಲಿಯ ಜೊತೆ ನುಚ್ಚನ್ನೂ ಬೇಯಿಸಿ ಬೀರ್ ಮಾಡುತ್ತಾರಂತೆ. ಅವನ ಲಾರಿಯಲ್ಲೇ ನಮ್ಮ ನುಚ್ಚು ಅಲ್ಲಿಗೆ ಹೋಗತೊಡಗಿತು. ನಮ್ಮದು ಲಿಂಗ ಕಟ್ಟಿದ ಮನೆ, ಬಾಟಲಿ ಹೊಸ್ತಿಲು ದಾಟಿದ್ದೇ ಇಲ್ಲ. "ಅಕ್ಕಿ ಕೊಳಸಿ ಕುಡಿಯೋದಂದ್ರ, ಎಂಥಾ ಮಂದಿಯಪಾ!" ಎಂದು ಅವ್ವ ಮುಖ ಸಿಂಡರಿಸಿದ್ದಳು. ಆದರೆ ನನ್ನ ಗೆಳೆಯನಿಗೆ ಶನಿವಾರ ಸಂಜೆ ಸಿರ್ಸಿಯಲ್ಲಿ ಅದೇ ಫ್ಯಾಕ್ಟರಿಯ ಒಂದು ಬೀರ್ ಆಗಲೇಬೇಕು.

"ನಿನಗಿಂತ ನಿನ್ನ ನುಚ್ಚs ಚಲೋ ಐತಿ ನೋಡಲೇ," ಎಂದು ಸೋಮವಾರ ಬಂದು ಕಾಡಿಸುತ್ತಿದ್ದ. "ಕುಡದರ ಹಾಡು ಬರತಾವು. ನಿನ್ನ ಜೋಡಿ ಕುಂತರ ಬರೇ ಆಕಳಿಕಿ."

ಮಳೆಗಾಲದಲ್ಲಿ ಮೂಟೆಗಳಿಗೆ ಹುಳ ಬೀಳುತ್ತಿತ್ತು. ಮನೆಯ ಅಕ್ಕಿಗೆ ಅವ್ವ ಒಣಗಿದ ಲಕ್ಕಿ ಸೊಪ್ಪು ಹಾಕಿಡುತ್ತಿದ್ದಳು. ಬೀರಿನ ನುಚ್ಚಿಗೆ ನಾನು ಅಂಗಡಿಯಿಂದ ಹುಳದ ಪುಡಿ ತಂದೆ. ಗೋಡೆಗೆ, ನೆಲಕ್ಕೆ ಮಾತ್ರ, ಆಹಾರ ಧಾನ್ಯಕ್ಕೆ ಬೆರೆಸಬಾರದು ಎಂದು ಪೊಟ್ಟಣದ ಮೇಲೆ ಕನ್ನಡದಲ್ಲೇ ಇತ್ತು. ಓದಿದೆ. ಓದಿಯೂ ಬೆರೆಸಿದೆ. ಇದೇನು ಆಹಾರವೇ, ಕುಡುಕರಿಗೆ ಹೋಗುವುದು ತಾನೆ ಅಂದುಕೊಂಡೆ. ಮನೆಗೆಂದು ಇಟ್ಟ ಮೂಟೆಗಳನ್ನು ದೂರ ಸರಿಸಿ, ಮೂಗಿಗೆ ಟವೆಲ್ ಸುತ್ತಿಕೊಂಡು ಸಲಿಕೆಯಿಂದ ಕಲಸಿದೆ. ಕೆಲವು ಮಳೆಗಾಲ ಹೀಗೇ ನಡೆಯಿತು.

ಒಮ್ಮೆ ಲೋಡ್ ತುಂಬುವಾಗ ಫ್ಯಾಕ್ಟರಿಯ ಕಡೆಯವನೊಬ್ಬ ಬಂದ. "ಮಾಲಿಗೆ ಔಷಧಿ ಏನಾದ್ರೂ ಹಾಕ್ತೀರಾ? ಇನ್ಮೇಲೆ ಲ್ಯಾಬ್‌ನಲ್ಲಿ ನೋಡ್ತಾರೆ," ಎಂದ.

"ಕುದಿಸಿದ್ರೆ ಹೋಗಲ್ವಾ ಸರ್?" ಎಂದು ಕೇಳಿದೆ.

"ಒಂದಿಷ್ಟು ಹೋಗಬಹುದು. ಉಳಿದಿದ್ದು ಕುಡಿಯೋರ ಹೊಟ್ಟೆಗೆ."

ಲಾರಿಯ ಮೇಲೆ ಹಗ್ಗ ಬಿಗಿಯುತ್ತಿದ್ದ ಗೆಳೆಯ ಅಲ್ಲಿಂದಲೇ ಕೂಗಿದ: "ನಮ್ಮ ಸಾವ್ಕಾರ್ರ ಮಾಲಿಗೆ ನಾನs ಗ್ಯಾರಂಟಿ ರೀ! ವಾರಾ ವಾರಾ ಕುಡದು ನೋಡೇನಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಂದವನು ಹೋದ ಮೇಲೆ, ಮುಗ್ಗಲು ಹಿಡಿದಿದೆ ಎಂದು ಸುಳ್ಳು ಹೇಳಿ ಆ ಲೋಡ್ ಇಳಿಸಿದೆ, ಗುಂಡಿ ತೋಡಿಸಿ ಹೂಳಿಸಿದೆ. ಪುಡಿ ಬೆರೆಸುವುದನ್ನು ಅಲ್ಲಿಗೇ ಬಿಟ್ಟೆ. ಗೆಳೆಯನಿಗೆ ಮಾತ್ರ ನಿಜ ಹೇಳಲಿಲ್ಲ. ಹೇಳಿದರೆ ನನ್ನ ಬಾಗಿಲಿಗೆ ಮತ್ತೆ ಬರುವುದಿಲ್ಲ ಎಂಬ ಹೆದರಿಕೆ.

ಗಿರಣಿ ನಿಂತಿತು, ಅವನೂ ಲಾರಿ ಬಿಟ್ಟ. ದಿನಾ ಸಂಜೆ ನನ್ನ ಕಟ್ಟೆಗೆ ಬಂದು ಕೂರುತ್ತಿದ್ದ. ಕಳೆದ ಚಳಿಗಾಲದಲ್ಲಿ ಒಂದು ದಿನ ಹಳೆಯದನ್ನೆಲ್ಲ ನೆನೆಯುತ್ತ, "ಆಗಿನ ಬೀರಿನ ರುಚಿ ಈಗೆಲ್ಲೈತಿ ಬಿಡು!" ಎಂದು ನಿಟ್ಟುಸಿರು ಬಿಟ್ಟ. ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವನು ನನ್ನ ಕಡೆ ತಿರುಗಿ ಕೂತ.

"ಕುಡುಕರಿಗೆ ಅಂತ ಹಾಕಿದಿ?"

"ಹೂಂ."

"ಅವರಾಗ ನಾನೂ ಇದ್ನೆಲ್ಲೋ."

"ಗೊತ್ತಿತ್ತು."

"ಗೊತ್ತಿತ್ತಾ?" ಎಂದ. "ನನಗೇನೂ ಆಗಿಲ್ಲ, ಇರ್ಲಿ. ಮಗಳ ಮದುವ್ಯಾಗ ಬೀಗರಿಗೂ ಅದನ್ನs ಕುಡಿಸಿದ್ನೆಲ್ಲಪಾ..." ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದ.

ಕೆಲವು ದಿನ ಬರಲಿಲ್ಲ. ಕಟ್ಟೆಯ ಮೇಲೆ ಒಬ್ಬನೇ ಕೂತು ರಸ್ತೆ ನೋಡಿದೆ. ಆಮೇಲೆ ಒಂದು ಸಂಜೆ ಬಂದು, ಏನೂ ಆಗಿಲ್ಲವೆಂಬಂತೆ ಕೂತ. ನನ್ನ ಹೆಂಡತಿ ಇಬ್ಬರಿಗೂ ಚಹಾ ತಂದಳು. ಅವನು ತನ್ನ ಲೋಟವನ್ನು ನನ್ನ ಕಡೆ ಚಾಚಿ, "ಮೊದಲ ನೀ ಕುಡಿ," ಎಂದ. ಒಂದು ಗುಟುಕು ಕುಡಿದು ತಿರುಗಿ ಕೊಟ್ಟೆ. ಇಬ್ಬರೂ ನಕ್ಕೆವು.

ಈಗಲೂ ದಿನಾ ಬರುತ್ತಾನೆ. ದಿನಾ ಲೋಟ ಚಾಚುತ್ತಾನೆ. ತಮಾಷೆಯೇ ಇರಬೇಕು. ಆದರೆ ನಾನು ಕುಡಿಯುವವರೆಗೆ ಅವನು ಬಾಯಿಗೆ ಇಡುವುದಿಲ್ಲ.