ಬೈದವರಿಗೆ ಫೋನ್ ಮಾಡುವ ದೂರಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸು ನಿನ್ನೆ ಸಂಜೆಯಿಂದ ಬಂದು ಬಿದ್ದ ಬೈಗುಳಗಳನ್ನು ಒಂದೊಂದಾಗಿ ಓದುತ್ತಿದ್ದಾರೆ. ‘ದಂಡ ಈ ಆ್ಯಪ್.’ ‘ಇದನ್ನು ಮಾಡಿದವರಿಗೆ ತಲೆ ಇದೆಯಾ?’

“ಎಲ್ಲರೂ ಬಂದ್ಮೇಲೆ ಗಲಾಟೆ. ಓದಿದ್ದು ತಲೆಗೆ ಹೋಗಲ್ಲ,” ಎಂದು ನಗುತ್ತಾರೆ.

ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವ ಮೊಬೈಲ್ ಆ್ಯಪ್ ತಯಾರಿಸುವ ಪುಟ್ಟ ಕಂಪನಿ ಇದು. ಬಳಸುವವರ ದೂರು ಓದಿ, ಮುಂದೆ ಏನು ಮಾಡಬೇಕೆಂದು ತಂಡಕ್ಕೆ ಹೇಳುವುದು ಇವರ ಕೆಲಸ. ಕಚೇರಿಗೆಲ್ಲ ಇವರು ‘ದೂರಿನಕ್ಕ’. ಮೊದಲು ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನಲ್ಲಿದ್ದವರು. ಆ ಆಸ್ಪತ್ರೆ ಬಾಗಿಲು ಹಾಕಿದಾಗ ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದರು. ಸಿಕ್ಕಿದ ಈ ಕೆಲಸ ಬಿಡುವ ಹಾಗಿರಲಿಲ್ಲ. ದಿನಕ್ಕೆ ನೂರಾರು ದೂರು.

“ಮೊದಮೊದಲು ಮನೆಗೆ ಹೋಗಿ ಅಳ್ತಿದ್ದೆ. ನಮ್ಮತ್ತೆ, ‘ನಿನ್ನ ಮುಖ ನೋಡಿ ಬೈದ್ರೇನೇ? ಫೋನ್ ನೋಡಿ ಬೈದಿದ್ದು, ಬಿಡು’ ಅಂದ್ರು. ಅವತ್ತಿಂದ ಹಗುರಾಯ್ತು.”

ಈಚೆಗೆ ‘ಅಲಾರಂ ಸದ್ದು ಸಾಲದು’ ಎಂಬ ದೂರು ರಾಶಿ ಬೀಳತೊಡಗಿತು. ಸದ್ದು ಜೋರು ಮಾಡುವುದೆಂದು ತಂಡ ತೀರ್ಮಾನಿಸಿತು. ದೂರಿನಕ್ಕನೂ ಒಪ್ಪಿ ತಲೆಯಾಡಿಸಿದ್ದರು. ಆದರೆ ಒಬ್ಬ ಮಗಳು ಬರೆದ ಸಾಲು ಮಾತ್ರ ಅವರನ್ನು ಕೊರೆಯುತ್ತಲೇ ಇತ್ತು: ‘ಸದ್ದು ಜೋರು ಮಾಡಿ. ನಮ್ಮಪ್ಪ ಎರಡೆರಡು ಸಲ ಮಾತ್ರೆ ನುಂಗ್ತಾರೆ.’ ಅಲಾರಂ ಕೇಳಿಸದವರು ಎರಡು ಸಲ ಹೇಗೆ ನುಂಗುತ್ತಾರೆ? ಪ್ರೋಗ್ರಾಮರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮಗಳಿಗೆ ಫೋನ್ ಮಾಡಿದರು.

“ನಿಮ್ಮಪ್ಪನಿಗೆ ಕಿವಿ ಮಂದವಾ, ತಂಗಿ?”

“ಕಿವಿ ಚೆನ್ನಾಗಿದೆ ಅಕ್ಕ. ಅಲಾರಂ ನಿಲ್ಲಿಸಿ ನುಂಗ್ತಾರೆ. ಆಮೇಲೆ ನುಂಗಿದ್ನೋ ಇಲ್ವೋ ಅಂತ ಅನುಮಾನ ಬಂದು ಇನ್ನೊಂದು ನುಂಗ್ತಾರೆ. ಸಕ್ಕರೆ ಕಾಯಿಲೆ ಮಾತ್ರೆ. ಹೋದ ವಾರ ತಲೆ ಸುತ್ತಿ ಬಿದ್ದೇಬಿಟ್ರು. ಸದ್ದು ಜೋರಿದ್ರೆ ಪಕ್ಕದ ಕೋಣೆಯಿಂದ ನಾನಾದ್ರೂ ಓಡಿ ಬರಬಹುದಲ್ಲ ಅಂತ ಬರೆದೆ.”

ಫೋನ್ ಇಟ್ಟವರೇ ಇಬ್ಬರೂ ಅದೇ ದೂರಿನ ಪಟ್ಟಿ ತೆರೆದರು. ಆಮೇಲೆ ದೂರು ಬರೆದ ಉಳಿದವರನ್ನೂ ಕೇಳಿದರು. ಕೆಲವರಿಗೆ ನಿಜಕ್ಕೂ ಕಿವಿ ಮಂದ. ಆದರೆ ಬಹಳ ಮನೆಗಳಲ್ಲಿ ಇದೇ ಕಥೆ.

“ಸದ್ದು ಜೋರು ಮಾಡೋದು ಸುಲಭ ಅಕ್ಕ. ನುಂಗಿದ್ದನ್ನ ಫೋನೇ ತೋರಿಸೋ ಹಾಗೆ ಮಾಡೋಕೆ ಒಂದು ತಿಂಗಳು ಹಿಡಿಯುತ್ತೆ,” ಎಂದ ಪ್ರೋಗ್ರಾಮರ್.

“ಹಿಡೀಲಿ ಬಿಡಪ್ಪ. ಇನ್ನೊಬ್ಬರು ಬೀಳೋದು ಬೇಡ.”

ತಾವು ಆಸೆಯಿಂದ ಶುರುಮಾಡಿದ್ದ ಬೇರೊಂದು ಯೋಜನೆಯನ್ನು ಕಂಪನಿಯ ಮಾಲೀಕರು ಇದಕ್ಕಾಗಿ ಮುಂದಕ್ಕೆ ಹಾಕಿದರು. ಈಗ ಮಾತ್ರೆ ತೆಗೆದುಕೊಂಡು ಒಂದು ಗುಂಡಿ ಒತ್ತಿದರೆ, ಪರದೆ ತುಂಬ ದಪ್ಪ ಅಕ್ಷರದಲ್ಲಿ ‘ಈ ಹೊತ್ತಿನ ಮಾತ್ರೆ ಆಯಿತು’ ಎಂದು ನಿಲ್ಲುತ್ತದೆ. ಆ ಮಗಳು ಮತ್ತೆ ಬರೆದಿದ್ದಾಳೆ: ‘ಅಪ್ಪ ಡಬ್ಬಿಗೆ ಕೈ ಹಾಕ್ತಾರೆ, ಫೋನ್ ನೋಡ್ತಾರೆ, ಆಯ್ತಂತಲ್ಲ ಅಂತ ಮುಚ್ಚಿಡ್ತಾರೆ.’

“ಜನ ಬರೆಯೋದು ತಮಗೆ ತೋಚಿದ ಮದ್ದನ್ನ,” ಎನ್ನುತ್ತಾರೆ ದೂರಿನಕ್ಕ. “ನೋವು ಎಲ್ಲಿದೆ ಅಂತ ನಾವೇ ಕೇಳ್ಬೇಕು.”

ಮುಂದೇನು ಆಸೆ ಎಂದರೆ ಹೇಳುತ್ತಾರೆ: “ಬೈಯೋರು ಇನ್ನೂ ನಮ್ಮನ್ನ ನಂಬಿದಾರೆ, ಅದಕ್ಕೇ ಬೈತಾರೆ. ಒಂದು ಮಾತೂ ಹೇಳದೆ ಆ್ಯಪ್ ಬಿಟ್ಟುಹೋದ್ರಲ್ಲ, ಅವರನ್ನ ಒಂದ್ಸಲ ಮಾತಾಡಿಸ್ಬೇಕು.”